ಗಿಡಗಳಲ್ಲಿ ಕಬ್ಬಿಣ ಹಿಡಿಯುವ ವಸ್ತುಗಳ ಪತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್‌ಗೆ ಹೊಸದಾಗಿ ಬಂದವರಿಂದ ಹಿಡಿದು ಥೀಸಿಸ್ ಬರೆಯುತ್ತಿರುವವರವರೆಗೆ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಸಾಲಾಗಿ ಓದಬೇಕಿಲ್ಲ. ಮೂರನೇ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ.

1. ಕಬ್ಬಿಣ ಹಿಡಿಯುವ ವಸ್ತು ಅಂತ ಒಂದು ಇದೆಯಾ, ಹಲವು ಇವೆಯಾ?

ಹಲವು ಇವೆ, ಅವುಗಳಲ್ಲಿ ಕೆಲವಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಸಿಟ್ರೇಟ್ ತುಂಬಾ ಸಣ್ಣದು, ಬೇರಿನಿಂದ ಎಲೆಗೆ ಏರುವ ಕ್ಸೈಲಮ್ ರಸದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುತ್ತದೆ. ನಿಕೋಟಿಯಾನಮೈನ್ ಹೂ ಬಿಡುವ ಎಲ್ಲ ಗಿಡಗಳಲ್ಲೂ ಸಿಗುತ್ತದೆ, ಜೀವಕೋಶದ ಒಳಗೂ ಫ್ಲೋಯಮ್‌ನಲ್ಲೂ ಅದರ ಕೆಲಸ. ಬಾರ್ಲಿ, ಗೋಧಿ, ಭತ್ತದಂಥ ಹುಲ್ಲಿನ ಜಾತಿಯವು ಬೇರಿನಿಂದ ಹೊರಗೆ ಬಿಡುವ ಮುಗಿನೆಯಿಕ್ ಆಮ್ಲದ ಗುಂಪಿಗೆ ಫೈಟೋಸಿಡೆರೋಫೋರ್ ಅಂತ ಹೆಸರು. ಹುಲ್ಲಲ್ಲದ ಕೆಲವು ಗಿಡಗಳು ಕೂಮರಿನ್‌ಗಳನ್ನು ಬಿಡುತ್ತವೆ. ಟ್ಯಾನಿನ್ ಮತ್ತು ಇತರ ಫೀನಾಲ್‌ಗಳು, ಬೀಜದಲ್ಲಿರುವ ಫೈಟೇಟ್ ಬೇರೆ. ಕೊನೆಗೆ ಫೆರಿಟಿನ್ ಎಂಬ ಪ್ರೋಟೀನ್, ಒಂದೇ ಒಂದು ಫೆರಿಟಿನ್ ಗೂಡಿನಲ್ಲಿ ಸುಮಾರು 4500 ಕಬ್ಬಿಣದ ಪರಮಾಣುಗಳವರೆಗೆ ಹಿಡಿಸುತ್ತವೆ.

ಇಷ್ಟನ್ನೂ ಒಂದೇ ಟೆಸ್ಟ್‌ನಲ್ಲಿ ಹಿಡಿಯುತ್ತೇನೆ ಅಂತ ಹೊರಟರೆ ಆಗುವುದಿಲ್ಲ.

2. ಗಿಡಕ್ಕೆ ಇವೆಲ್ಲ ಯಾಕೆ ಬೇಕು?

ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆ ಇಲ್ಲ, ಆದರೆ ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ. ಜೀವಕೋಶದ ಒಳಗಿನ ಸಮಸ್ಯೆ ಇನ್ನೊಂದು ಥರ. ಅಲ್ಲಿ ಕಬ್ಬಿಣವನ್ನು ಸುಮ್ನೆ ಬಿಟ್ಟರೆ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ, ಅದು ಸಿಕ್ಕಿದ್ದನ್ನೆಲ್ಲ ಹಾಳು ಮಾಡುತ್ತದೆ. ಹಾಗಾಗಿ ಹೊರಗೆ ಕರಗಿಸಿಕೊಳ್ಳಲೂ, ಒಳಗೆ ಕಟ್ಟಿಹಾಕಲೂ ಜೊತೆಗಾರ ಬೇಕು. ಕಬ್ಬಿಣ ಸಾಲದ ಓಟ್ಸ್, ಭತ್ತದಂಥ ಗಿಡಗಳ ಬೇರು ಅದನ್ನು ಕರಗಿಸುವ ಏನನ್ನೋ ಬಿಡುತ್ತದೆ ಅಂತ 1976ರಲ್ಲಿ ತೋರಿಸಿಕೊಟ್ಟವರು ಜಪಾನಿನ ತಕಾಗಿ. ಆಮೇಲೆ 1986ರಲ್ಲಿ ರೋಮ್‌ಹೆಲ್ಡ್ ಮತ್ತು ಮಾರ್ಷ್‌ನರ್ ಗಿಡಗಳು ಮಣ್ಣಿನಿಂದ ಕಬ್ಬಿಣ ಪಡೆಯುವ ಎರಡು ದಾರಿಗಳನ್ನು ಬೇರ್ಪಡಿಸಿ ಹೇಳಿದರು. ಮೊದಲ ದಾರಿಯ ಗಿಡಗಳು, ಅಂದರೆ ಹುಲ್ಲಲ್ಲದವು, ಬೇರಿನ ಸುತ್ತ ಆಮ್ಲ ಬಿಟ್ಟು ಫೆರಿಕ್ (Fe³⁺) ಕಬ್ಬಿಣವನ್ನು ಫೆರಸ್ (Fe²⁺) ಮಾಡಿಕೊಂಡು ಎಳೆದುಕೊಳ್ಳುತ್ತವೆ. ಹುಲ್ಲಿನ ಜಾತಿಯವು ಫೆರಿಕ್ ಅನ್ನೇ ಕಟ್ಟಿ ಇಡಿಯಾಗಿ ಒಳಗೆ ತರುತ್ತವೆ. ಈ ವ್ಯತ್ಯಾಸ ನೆನಪಿರಲಿ, ಟೆಸ್ಟ್‌ನ ಫಲಿತಾಂಶ ಓದುವಾಗ ಬೇಕಾಗುತ್ತದೆ.

3. ಯಾವ ವಿಧಾನದಿಂದ ಶುರು ಮಾಡಲಿ?

ವಿಧಾನ ಆಮೇಲೆ. ಮೊದಲು ನೀವು ಕೇಳುತ್ತಿರುವುದು ಏನು ಅಂತ ಗೊತ್ತು ಮಾಡಿಕೊಳ್ಳಿ. ಫೆರಸ್ ಕಬ್ಬಿಣವನ್ನು ಹಿಡಿಯುವುದೋ, ಫೆರಿಕ್ ಅನ್ನೋ? ಯಾವ ಪಿಎಚ್‌ನಲ್ಲಿ? ಮತ್ತು ಯಾರ ಕೈಯಿಂದ ಕಿತ್ತುಕೊಂಡು? ಈ ಮೂರನೆಯದನ್ನೇ ಎಲ್ಲರೂ ಮರೆಯುವುದು. ಬಣ್ಣದ ಟೆಸ್ಟ್‌ಗಳಲ್ಲಿ ಬಹುಪಾಲು ಪೈಪೋಟಿಯ ಟೆಸ್ಟ್‌ಗಳು. ಒಂದು ಬಣ್ಣದ ವಸ್ತು ಕಬ್ಬಿಣವನ್ನು ಹಿಡಿದು ಕೂತಿರುತ್ತದೆ, ನಿಮ್ಮ ಸ್ಯಾಂಪಲ್ ಅದನ್ನು ಕಿತ್ತುಕೊಂಡರೆ ಬಣ್ಣ ಬದಲಾಗುತ್ತದೆ. ಅಲ್ಲಿ ಕೂತಿರುವವನು ಗಟ್ಟಿಗನಾದರೆ ನಿಮ್ಮ ಸ್ಯಾಂಪಲ್ ಸೋಲುತ್ತದೆ. ಸೋತಿತು ಅಂದ ಮಾತ್ರಕ್ಕೆ ಅದಕ್ಕೆ ಕಬ್ಬಿಣ ಹಿಡಿಯುವ ಶಕ್ತಿಯೇ ಇಲ್ಲ ಅಂತಲ್ಲ, ಅಲ್ವಾ?

4. ಎಲೆಯ ರಸಕ್ಕೆ ಫೆರಿಕ್ ಕ್ಲೋರೈಡ್ ಹಾಕಿದೆ, ಕಪ್ಪಾಯಿತು. ಕೆಲಸ ಮುಗಿಯಿತಾ?

ಫೀನಾಲ್‌ಗಳಿವೆ ಅಂತ ಗೊತ್ತಾಯಿತು, ಅಷ್ಟೇ. ನೀಲಿಗಪ್ಪು ಬಂದರೆ ಗ್ಯಾಲಿಕ್ ಆಮ್ಲದ ಥರದ್ದು, ಹಸಿರುಗಪ್ಪು ಬಂದರೆ ಕ್ಯಾಟೆಕಾಲ್ ಥರದ್ದು ಅಂತ ಊಹಿಸಬಹುದು. ಎಷ್ಟಿದೆ, ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವುದು ಇದರಿಂದ ತಿಳಿಯುವುದಿಲ್ಲ. ಸಿಟ್ರೇಟ್, ನಿಕೋಟಿಯಾನಮೈನ್, ಫೈಟೋಸಿಡೆರೋಫೋರ್ ಇವು ಯಾವುವೂ ಆ ಕಪ್ಪು ಬಣ್ಣ ಕೊಡುವುದಿಲ್ಲ.

5. ಸಿಎಎಸ್ ಟೆಸ್ಟ್ ಅಂದರೆ ಏನು? ಎಲ್ಲರೂ ಅದನ್ನೇ ಮಾಡುತ್ತಾರಲ್ಲ?

ಕ್ರೋಮ್ ಅಜುರಾಲ್ ಎಸ್ ಎಂಬ ಬಣ್ಣದ ಹೆಸರನ್ನು ಚಿಕ್ಕದು ಮಾಡಿದರೆ ಸಿಎಎಸ್. 1987ರಲ್ಲಿ ಶ್ವಿನ್ ಮತ್ತು ನೀಲ್ಯಾಂಡ್ಸ್ ಇದನ್ನು ಬ್ಯಾಕ್ಟೀರಿಯಾದ ಸಿಡೆರೋಫೋರ್‌ಗಳಿಗಾಗಿ, ಅಂದರೆ ಅವು ಹೊರಗೆ ಬಿಡುವ ಕಬ್ಬಿಣ ಹಿಡಿಯುವ ವಸ್ತುಗಳಿಗಾಗಿ, ರೂಪಿಸಿದರು. ಈ ಬಣ್ಣ, ಫೆರಿಕ್ ಕಬ್ಬಿಣ, ಎಚ್‌ಡಿಟಿಎಂಎ ಎಂಬ ಡಿಟರ್ಜೆಂಟ್ ಮೂರೂ ಸೇರಿದರೆ ಗಾಢ ನೀಲಿ. ಸ್ಯಾಂಪಲ್ ಕಬ್ಬಿಣವನ್ನು ಕಿತ್ತುಕೊಂಡರೆ ನೀಲಿ ಹೋಗಿ ಕಿತ್ತಳೆ ಬರುತ್ತದೆ. 630 ನ್ಯಾನೋಮೀಟರ್‌ನಲ್ಲಿ ನೀಲಿ ಎಷ್ಟು ಇಳಿಯಿತು ಅಂತ ಅಳೆಯುತ್ತೇವೆ. ದ್ರಾವಣದಲ್ಲಿ ಸಾಮಾನ್ಯವಾಗಿ ಕಬ್ಬಿಣ 15 ಮೈಕ್ರೋಮೋಲಾರ್, ಬಣ್ಣ 150, ಡಿಟರ್ಜೆಂಟ್ 600 ಮೈಕ್ರೋಮೋಲಾರ್ ಇರುತ್ತವೆ. ಸಲ್ಫೋಸ್ಯಾಲಿಸಿಲಿಕ್ ಆಮ್ಲವನ್ನು ಸ್ವಲ್ಪ ಸೇರಿಸಿದರೆ ಅದು ಕಬ್ಬಿಣವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತದೆ, ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ.

ಟೆಸ್ಟ್ ಚೆನ್ನಾಗಿದೆ. ಆದರೆ ಗಿಡದ ಸ್ಯಾಂಪಲ್‌ಗೆ ಕಣ್ಣು ಮುಚ್ಚಿಕೊಂಡು ಬಳಸಿದರೆ ಮೋಸ ಹೋಗುತ್ತೀರಿ, ಅದಕ್ಕೆ ಕಾರಣಗಳಿವೆ. ಮೊದಲನೆಯದು ಪಿಎಚ್. ಸ್ಯಾಂಪಲ್‌ನಲ್ಲಿ ಆಮ್ಲ ಇದ್ದರೆ ಕಬ್ಬಿಣ ಹಿಡಿಯುವ ವಸ್ತುವೇ ಇಲ್ಲದಿದ್ದರೂ ಬಣ್ಣ ಬದಲಾಗುತ್ತದೆ. ಮೊದಲ ದಾರಿಯ ಗಿಡಗಳ ಬೇರನ್ನು ಸಿಎಎಸ್ ಬೆರೆಸಿದ ನೀಲಿ ಅಗರ್ ಮೇಲೆ ಇಟ್ಟರೆ ಸುತ್ತ ಒಂದು ಚಂದದ ಕಿತ್ತಳೆ ವೃತ್ತ ಬರುತ್ತದೆ, ಆದರೆ ಅದು ಬೇರು ಬಿಟ್ಟ ಆಮ್ಲದಿಂದಲೂ ಬಂದಿರಬಹುದು. ಇನ್ನೊಂದು ಗಟ್ಟಿ ಬಫರ್ ಹಾಕಿದ ಅಗರ್‌ನಲ್ಲೂ ವೃತ್ತ ಉಳಿಯಿತಾ ನೋಡಿ. ಆಮೇಲೆ ಫಾಸ್ಫೇಟ್. ಗಿಡ ಬೆಳೆಸುವ ಪೋಷಕ ದ್ರಾವಣದಲ್ಲೇ ಅದು ಇರುತ್ತದೆ, ಜಾಸ್ತಿ ಇದ್ದರೆ ಕಬ್ಬಿಣವನ್ನು ತನ್ನ ಕಡೆಗೆ ಎಳೆಯುತ್ತದೆ. ಅದೇ ದ್ರಾವಣಕ್ಕೆ ಕಬ್ಬಿಣ ಕರಗಿರಲಿ ಅಂತ ನೀವೇ ಹಾಕಿದ ಇಡಿಟಿಎ ಇದ್ದರಂತೂ ಕೇಳುವುದೇ ಬೇಡ, ನೀವು ಹಾಕಿದ್ದನ್ನು ನೀವೇ ಕಂಡುಹಿಡಿದಂತಾಗುತ್ತದೆ. ಕೊನೆಯದು, ಬೇರಿನಿಂದ ಬರುವ ಕೆಲವು ಫೀನಾಲ್‌ಗಳು ಫೆರಿಕ್ ಅನ್ನು ಹಿಡಿಯುವುದಕ್ಕಿಂತ ಫೆರಸ್ ಆಗಿ ಬದಲಿಸುವುದೇ ಜಾಸ್ತಿ. ಆಗಲೂ ನೀಲಿ ಇಳಿಯುತ್ತದೆ. ಅನುಮಾನ ಬಂದರೆ ಅದೇ ಟ್ಯೂಬಿಗೆ ಸ್ವಲ್ಪ ಫೆರೋಜಿನ್ (ಏಳನೇ ಪ್ರಶ್ನೆ ನೋಡಿ) ಹಾಕಿ. ನೇರಳೆ ಬಣ್ಣ ಬಂದರೆ ಫೆರಸ್ ಹುಟ್ಟಿದೆ ಅಂತ ಅರ್ಥ.

6. ಕಬ್ಬಿಣ ಕೊಡದೆ ಬೆಳೆಸಿದ ಬಾರ್ಲಿ. ಆದರೂ ಸಿಎಎಸ್‌ನಲ್ಲಿ ಏನೂ ಬರಲಿಲ್ಲ. ಯಾಕೆ?

ಎರಡು ಕಾರಣ ಇರಬಹುದು. ಒಂದು, ಸ್ಯಾಂಪಲ್ ತೆಗೆದ ಹೊತ್ತು ತಪ್ಪಿರಬಹುದು, ಅದನ್ನು ಹತ್ತನೇ ಪ್ರಶ್ನೆಯಲ್ಲಿ ಹೇಳಿದ್ದೇನೆ. ಇನ್ನೊಂದು, ಪೈಪೋಟಿಯಲ್ಲಿ ಸೋತಿರಬಹುದು. ಬ್ಯಾಕ್ಟೀರಿಯಾದ ಡೆಸ್‌ಫೆರಿಯಾಕ್ಸಮೈನ್ ಬಿ ಫೆರಿಕ್ ಅನ್ನು ಹಿಡಿಯುವ ಬಲ ಲಾಗ್ ಲೆಕ್ಕದಲ್ಲಿ ಸುಮಾರು 30.6, ಇಡಿಟಿಎದ್ದು 25.1. ಮುಗಿನೆಯಿಕ್ ಆಮ್ಲದ ಗುಂಪಿನದ್ದು 18ರ ಆಸುಪಾಸು. ಲಾಗ್ ಲೆಕ್ಕ ಅಂದರೆ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ ಅನ್ನುವುದು ನೆನಪಿರಲಿ. ಬ್ಯಾಕ್ಟೀರಿಯಾಕ್ಕೆ ಅಂತ ಹೊಲಿದ ಟೆಸ್ಟ್ ಗಿಡಕ್ಕೆ ಸರಿಯಾಗಿ ಕೂರದಿರುವುದರಲ್ಲಿ ಆಶ್ಚರ್ಯ ಏನಿಲ್ಲ. ಕಬ್ಬಿಣದ ಬದಲು ತಾಮ್ರ ಹಾಕಿದ ಸಿಎಎಸ್ ಕೂಡ ಇದೆ. ಮುಗಿನೆಯಿಕ್ ಆಮ್ಲಗಳು ತಾಮ್ರವನ್ನು ಚೆನ್ನಾಗಿ ಹಿಡಿಯುತ್ತವೆ, ಹಾಗಾಗಿ ಹುಲ್ಲಿನ ಜಾತಿಗೆ ನಾನಾದರೆ ಅದನ್ನೇ ಮೊದಲು ನೋಡುತ್ತೇನೆ.

7. ಫೆರೋಜಿನ್ ಟೆಸ್ಟ್‌ನಲ್ಲಿ ನನ್ನ ಎಲೆಯ ಸಾರ 80 ಶೇಕಡಾ ಕಬ್ಬಿಣ ಹಿಡಿಯಿತು ಅಂತ ಬಂತು. ನಂಬಬಹುದಾ?

ನಿಧಾನ. ಫೆರೋಜಿನ್ ಅನ್ನು 1970ರಲ್ಲಿ ಸ್ಟೂಕಿ ಕಬ್ಬಿಣ ಅಳೆಯಲು ಪರಿಚಯಿಸಿದರು. ಇದು ಫೆರಸ್ ಜೊತೆ ಸೇರಿ ನೇರಳೆ ಬಣ್ಣ ಕೊಡುತ್ತದೆ, 562 ನ್ಯಾನೋಮೀಟರ್‌ನಲ್ಲಿ ಅಳತೆ. ಬಣ್ಣ ಎಷ್ಟು ಗಾಢ ಅಂದರೆ ಮೋಲಾರ್ ಲೆಕ್ಕದಲ್ಲಿ 27,900, ಅಂದರೆ 10 ಮೈಕ್ರೋಮೋಲಾರ್ ಕಬ್ಬಿಣಕ್ಕೇ ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 0.28 ರೀಡಿಂಗ್ ಸಿಗುತ್ತದೆ. ಕಬ್ಬಿಣ ಅಳೆಯಲು ಇದಕ್ಕಿಂತ ಸುಲಭದ್ದು ಕಡಿಮೆ. ಕಬ್ಬಿಣ ಹಿಡಿಯುವ ಶಕ್ತಿ ಅಳೆಯಲು ತಿರುಗಿಸಿ ಬಳಸುತ್ತಾರೆ: ಸಾರಕ್ಕೆ ಫೆರಸ್ ಹಾಕಿ, ಆಮೇಲೆ ಫೆರೋಜಿನ್ ಹಾಕಿ, ಬಣ್ಣ ಎಷ್ಟು ಕಡಿಮೆ ಬಂತೋ ಅಷ್ಟನ್ನು ಸಾರ ಹಿಡಿಯಿತು ಅಂತ ಲೆಕ್ಕ.

ಎಡವಟ್ಟು ಆಗುವುದು ಇಲ್ಲಿ. ಬಣ್ಣ ಕಡಿಮೆ ಬರಲು ಕಬ್ಬಿಣ ಹಿಡಿದಿರಲೇಬೇಕು ಅಂತೇನಿಲ್ಲ. ಪಿಎಚ್ 7ರ ಹತ್ತಿರ ಫೆರಸ್ ಗಾಳಿಗೆ ಫೆರಿಕ್ ಆಗಿಬಿಡುತ್ತದೆ, ಗಿಡದ ಫೀನಾಲ್‌ಗಳು ಅದನ್ನು ಇನ್ನೂ ಬೇಗ ಮಾಡಿಸಬಲ್ಲವು, ಫೆರಿಕ್ ಆದದ್ದು ಫೆರೋಜಿನ್‌ಗೆ ಕಾಣುವುದೇ ಇಲ್ಲ. ನೀವು ಅದನ್ನೂ "ಹಿಡಿಯಿತು" ಅಂತ ಬರೆದುಬಿಡುತ್ತೀರಿ. ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ: ಕ್ಯಾಟೆಕಾಲ್ ಮತ್ತು ಗ್ಯಾಲಿಕ್ ಥರದ ಫೀನಾಲ್‌ಗಳು ಕಬ್ಬಿಣದ ಜೊತೆ ಸೇರಿ ತಾವೇ ನೇರಳೆ, ನೀಲಿ ಆಗುತ್ತವೆ, ಆ ಬಣ್ಣ 562ರ ಹತ್ತಿರವೇ ಬೀಳುತ್ತದೆ, ಹಾಗಾಗಿ ಚೆನ್ನಾಗಿ ಹಿಡಿಯುವ ಸಾರವೇ ಕೆಟ್ಟದಾಗಿ ಹಿಡಿಯುತ್ತದೆ ಅಂತ ತೋರಬಹುದು. ಪ್ರತಿ ಸ್ಯಾಂಪಲ್‌ಗೂ ಫೆರೋಜಿನ್ ಇಲ್ಲದ ಒಂದು ಬ್ಲ್ಯಾಂಕ್ ಇಡಿ: ಸಾರ, ಕಬ್ಬಿಣ, ಬಫರ್, ಅಷ್ಟೇ. ಇನ್ನೊಂದು ಟ್ಯೂಬಿನಲ್ಲಿ ಕೊನೆಗೆ ಆಸ್ಕಾರ್ಬಿಕ್ ಆಮ್ಲ ಹಾಕಿ ನೋಡಿ. ಹೋದ ಬಣ್ಣ ಪೂರ್ತಿ ವಾಪಸ್ ಬಂದರೆ ಅಲ್ಲಿ ಮುಖ್ಯವಾಗಿ ಆದದ್ದು ಆಕ್ಸಿಡೇಶನ್.

ಶೇಕಡಾ ಲೆಕ್ಕವನ್ನು ಒಂದೇ ಸಾಂದ್ರತೆಯಲ್ಲಿ ಕೊಡುವುದು ನನಗಂತೂ ಇಷ್ಟವಿಲ್ಲ. ಸಾರವನ್ನು ಜಾಸ್ತಿ ಸುರಿದರೆ ಯಾವ ಗಿಡವಾದರೂ 80 ಮುಟ್ಟುತ್ತದೆ. ಐದಾರು ಸಾಂದ್ರತೆಗಳಲ್ಲಿ ಮಾಡಿ, ಇಡಿಟಿಎ ಜೊತೆ ಹೋಲಿಸಿ ಬರೆಯಿರಿ.

8. ಒಟ್ಟು ಫೀನಾಲ್ ಅಳೆಯುವ ಫೋಲಿನ್ ಟೆಸ್ಟ್ ಮಾಡಿದ್ದೇನೆ. ಅದು ಸಾಕಲ್ವಾ?

ಸಾಲದು. ಫೋಲಿನ್ ಸಿಯೋಕಾಲ್ಟು ಅಳೆಯುವುದು ಎಲೆಕ್ಟ್ರಾನ್ ಕೊಡುವ ಶಕ್ತಿಯನ್ನು. ವಿಟಮಿನ್ ಸಿ ಕೂಡ ಅದರಲ್ಲಿ ಬಣ್ಣ ಕೊಡುತ್ತದೆ. ಕಬ್ಬಿಣ ಹಿಡಿಯಲು ಬೇಕಾದದ್ದು ಪಕ್ಕಪಕ್ಕದಲ್ಲಿ ಕೂತ ಎರಡು ಅಥವಾ ಮೂರು ಹೈಡ್ರಾಕ್ಸಿಲ್‌ಗಳು. ಒಂಟಿ ಹೈಡ್ರಾಕ್ಸಿಲ್ ಇರುವ ಫೀನಾಲ್ ಫೋಲಿನ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ಕಬ್ಬಿಣದ ವಿಷಯದಲ್ಲಿ ಅದರ ಪಾತ್ರ ನಗಣ್ಯ. ಇದಕ್ಕಾಗಿಯೇ ಬ್ರೂನೆ ಮತ್ತು ಜೊತೆಗಾರರು 1991ರಲ್ಲಿ ಬೇರೆ ವಿಧಾನ ಕೊಟ್ಟರು: ಡೈಮೀಥೈಲ್‌ಫಾರ್ಮಮೈಡ್ ಬೆರೆಸಿದ ಅಸಿಟೇಟ್ ಬಫರ್‌ನಲ್ಲಿ ಸಾರ ತೆಗೆದು, ಫೆರಿಕ್ ಅಮೋನಿಯಂ ಸಲ್ಫೇಟ್ ಹಾಕಿ, 578 ಮತ್ತು 680 ನ್ಯಾನೋಮೀಟರ್ ಎರಡರಲ್ಲೂ ಓದುವುದು. ಮೊದಲನೆಯದು ಗ್ಯಾಲಾಯಿಲ್ ಗುಂಪಿಗೆ, ಎರಡನೆಯದು ಕ್ಯಾಟೆಕಾಲ್‌ಗೆ. ಸಾರದ ಸ್ವಂತ ಬಣ್ಣವನ್ನು ಕಳೆಯಲು ಮರೆಯಬೇಡಿ.

9. ಬೀಜದ ಫೈಟೇಟ್ ಹೇಗೆ ಅಳೆಯುವುದು?

ಸುಲಭದ ದಾರಿ ವೇಡ್ ರಿಯೇಜೆಂಟ್. ಫೆರಿಕ್ ಮತ್ತು ಸಲ್ಫೋಸ್ಯಾಲಿಸಿಲಿಕ್ ಆಮ್ಲ ಸೇರಿದ ಗುಲಾಬಿ ದ್ರಾವಣ ಅದು. ಫೈಟೇಟ್ ಕಬ್ಬಿಣವನ್ನು ಎಳೆದುಕೊಂಡಷ್ಟು ಗುಲಾಬಿ ಇಳಿಯುತ್ತದೆ, 500 ನ್ಯಾನೋಮೀಟರ್‌ನಲ್ಲಿ ಓದಿ. ಬೀಜ ಮೊಳಕೆ ಒಡೆದಿದ್ದರೆ ಫೈಟೇಟಿನ ಆರು ಫಾಸ್ಫೇಟ್‌ಗಳಲ್ಲಿ ಕೆಲವು ಕಳಚಿರುತ್ತವೆ. ಆರು ಇರುವುದನ್ನೂ ನಾಲ್ಕೈದು ಇರುವುದನ್ನೂ ಈ ಟೆಸ್ಟ್ ಸರಿಯಾಗಿ ಬೇರ್ಪಡಿಸುವುದಿಲ್ಲ. ಆಗ ಅಯಾನ್ ಕ್ರೊಮ್ಯಾಟೋಗ್ರಫಿಗೇ ಹೋಗಬೇಕು.

10. ಬೇರಿನ ಸ್ರಾವವನ್ನು ಯಾವಾಗ, ಹೇಗೆ ಸಂಗ್ರಹಿಸುವುದು?

ಟೆಸ್ಟ್‌ಗಿಂತ ಇದೇ ಮುಖ್ಯ ಅಂದರೂ ತಪ್ಪಿಲ್ಲ. ಬಾರ್ಲಿಯಂಥ ಗಿಡಗಳು ಫೈಟೋಸಿಡೆರೋಫೋರ್ ಅನ್ನು ದಿನವಿಡೀ ಬಿಡುವುದಿಲ್ಲ. ಬೆಳಕು ಬಂದ ಕೆಲವು ಗಂಟೆಗಳಲ್ಲಿ ಒಮ್ಮೆಲೇ ಸುರಿಯುತ್ತವೆ, ಆಮೇಲೆ ಹೆಚ್ಚುಕಮ್ಮಿ ನಿಂತುಹೋಗುತ್ತದೆ. ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋದರೆ ಖಾಲಿ ನೀರು ಸಿಗುತ್ತದೆ. ಆದ್ದರಿಂದ ದೀಪ ಹತ್ತುವ ಹೊತ್ತಿಗೆ ಬೇರನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಹೊಸ ಶುದ್ಧ ನೀರಿನಲ್ಲಿ ಮೂರು ನಾಲ್ಕು ಗಂಟೆ ಇಡಿ. ಗಾಳಿ ಬಿಡುತ್ತಿರಿ.

ಬೇರು ಮುರಿಯದಂತೆ ನೋಡಿಕೊಳ್ಳಿ. ಮುರಿದ ಬೇರಿನಿಂದ ಜೀವಕೋಶದ ಒಳಗಿನ ಸಿಟ್ರೇಟ್, ನಿಕೋಟಿಯಾನಮೈನ್ ಎಲ್ಲವೂ ಹೊರಗೆ ಬರುತ್ತವೆ, ಅದು ಸ್ರಾವ ಅಲ್ಲ, ಸೋರಿಕೆ. ಸ್ರಾವದಲ್ಲಿ ಪೊಟ್ಯಾಸಿಯಂ ಅಳೆದು ನೋಡಿದರೆ ಸೋರಿಕೆ ಎಷ್ಟು ಅಂತ ಅಂದಾಜು ಸಿಗುತ್ತದೆ. ಸಂಗ್ರಹಿಸಿದ ತಕ್ಷಣ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಹಾಯಿಸಿ ಫ್ರೀಜ್ ಮಾಡಿ. ಬ್ಯಾಕ್ಟೀರಿಯಾಕ್ಕೆ ಮುಗಿನೆಯಿಕ್ ಆಮ್ಲ ಒಳ್ಳೆಯ ಆಹಾರ, ಬೆಂಚಿನ ಮೇಲೆ ಬಿಟ್ಟು ಹೋದರೆ ಬರುವಷ್ಟರಲ್ಲಿ ತಿಂದು ಮುಗಿಸಿರುತ್ತವೆ.

11. ಸಿಕ್ಕಿದ್ದು ಗಿಡದ್ದೋ, ಬೇರಿನ ಮೇಲಿದ್ದ ಬ್ಯಾಕ್ಟೀರಿಯಾದ್ದೋ?

ಬಣ್ಣದ ಟೆಸ್ಟ್ ಒಂದರಿಂದಲೇ ಹೇಳಲು ಆಗುವುದಿಲ್ಲ. ಬೀಜವನ್ನು ಸ್ಟೆರಿಲೈಸ್ ಮಾಡಿ ಕ್ರಿಮಿಯಿಲ್ಲದೆ ಬೆಳೆಸಿದ ಗಿಡಗಳನ್ನು ಜೊತೆಗೆ ಇಟ್ಟುಕೊಳ್ಳಿ. ಸ್ರಾವವನ್ನು ಅಗರ್ ಮೇಲೆ ಬಳಿದು ಏನಾದರೂ ಬೆಳೆಯುತ್ತಾ ನೋಡಿ.

12. ಆರ್ನೋ ಮತ್ತು ಸಾಕಿ ಟೆಸ್ಟ್ ಮಾಡಿದೆ. ಎರಡೂ ನೆಗೆಟಿವ್. ಅಂದರೆ ಸಿಡೆರೋಫೋರ್ ಇಲ್ಲವಾ?

ಆರ್ನೋ ಹಿಡಿಯುವುದು ಕ್ಯಾಟೆಕಾಲ್ ಗುಂಪನ್ನು, ಸಾಕಿ ಹಿಡಿಯುವುದು ಹೈಡ್ರಾಕ್ಸಮೇಟ್ ಗುಂಪನ್ನು. ಮುಗಿನೆಯಿಕ್ ಆಮ್ಲದಲ್ಲಿ ಎರಡೂ ಇಲ್ಲ. ಅದು ಕಾರ್ಬಾಕ್ಸಿಲ್, ಅಮೈನ್, ಹೈಡ್ರಾಕ್ಸಿಲ್‌ಗಳಿಂದ ಕಬ್ಬಿಣವನ್ನು ಆರು ಕಡೆ ಹಿಡಿಯುತ್ತದೆ. ಹಾಗಾಗಿ ಹುಲ್ಲಿನ ಜಾತಿಯಲ್ಲಿ ಎರಡೂ ನೆಗೆಟಿವ್ ಬರುವುದೇ ಸರಿ. ಬದಲಿಗೆ ಹೈಡ್ರಾಕ್ಸಮೇಟ್ ಜೋರಾಗಿ ಬಂದರೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಸೇರಿಕೊಂಡಿದೆಯಾ ಅಂತ ಮೊದಲು ಅನುಮಾನಪಡಿ.

13. ಕೂಮರಿನ್‌ಗಳು ಯುವಿ ಬೆಳಕಿನಲ್ಲಿ ಹೊಳೆಯುತ್ತವೆಯಂತೆ. ಅಷ್ಟು ನೋಡಿದರೆ ಸಾಕಾ?

365 ನ್ಯಾನೋಮೀಟರ್ ದೀಪದ ಕೆಳಗೆ ಕಬ್ಬಿಣ ಸಾಲದ ಬೇರು ನೀಲಿಯಾಗಿ ಹೊಳೆಯುವುದನ್ನು ನೋಡಲು ಚೆಂದ. ಆದರೆ ಕಣ್ಣಿಗೆ ಜಾಸ್ತಿ ಹೊಳೆಯುವ ಸ್ಕೋಪೊಲೆಟಿನ್‌ಗೆ ಪಕ್ಕಪಕ್ಕದ ಹೈಡ್ರಾಕ್ಸಿಲ್ ಜೋಡಿ ಇಲ್ಲ, ಅದು ಕಬ್ಬಿಣವನ್ನು ಸರಿಯಾಗಿ ಹಿಡಿಯುವುದಿಲ್ಲ. ಹಿಡಿಯುವುದು ಫ್ರ್ಯಾಕ್ಸೆಟಿನ್, ಎಸ್ಕುಲೆಟಿನ್, ಸಿಡೆರೆಟಿನ್. ಹೊಳಪು ನೋಡಿ ಕಬ್ಬಿಣದ ಲೆಕ್ಕ ಹಾಕಬೇಡಿ, ಎಚ್‌ಪಿಎಲ್‌ಸಿಯಲ್ಲಿ ಬೇರ್ಪಡಿಸಿ.

14. ಎಲ್‌ಸಿ-ಎಂಎಸ್‌ಗೆ ಕೊಟ್ಟರೆ ಎಲ್ಲ ಗೊತ್ತಾಗುತ್ತಲ್ವಾ?

ಎಲ್‌ಸಿ-ಎಂಎಸ್ ಅಂದರೆ ವಸ್ತುಗಳನ್ನು ಕಾಲಂನಲ್ಲಿ ಬೇರ್ಪಡಿಸಿ ಅವುಗಳ ತೂಕ ನೋಡುವ ಯಂತ್ರ. ಹೆಸರು ಗೊತ್ತಾಗುತ್ತದೆ, ಅದೂ ಎಚ್ಚರಿಕೆಯಿಂದ ನೋಡಿದರೆ. ಒಂದು ಉದಾಹರಣೆ ಕೊಡುತ್ತೇನೆ. ಪಾಸಿಟಿವ್ ಮೋಡ್‌ನಲ್ಲಿ ನಿಕೋಟಿಯಾನಮೈನ್ 304ರ ತೂಕದಲ್ಲಿ (m/z) ಬರುತ್ತದೆ, ಮುಗಿನೆಯಿಕ್ ಗುಂಪಿನ ಡಿಆಕ್ಸಿಮುಗಿನೆಯಿಕ್ ಆಮ್ಲ 305ರಲ್ಲಿ. ನಿಕೋಟಿಯಾನಮೈನ್‌ನಲ್ಲಿ 12 ಕಾರ್ಬನ್ ಇದೆ, ಹಾಗಾಗಿ ಅದರ ಭಾರದ ಐಸೋಟೋಪ್ ಸುಮಾರು 14 ಶೇಕಡಾ ಎತ್ತರದಲ್ಲಿ ಅದೇ 305ರಲ್ಲಿ ಕೂರುತ್ತದೆ. ಒಂದು 305.15, ಇನ್ನೊಂದು 305.13. ಸಾಧಾರಣ ಯಂತ್ರಕ್ಕೆ ಎರಡೂ ಒಂದೇ. ಕಾಲಂನಲ್ಲಿ ಬೇರೆ ಬೇರೆ ಹೊತ್ತಿಗೆ ಹೊರಬರುವಂತೆ ಮಾಡಿ, ಅಥವಾ ಹೈ ರೆಸಲ್ಯೂಶನ್ ಯಂತ್ರ ಬಳಸಿ. ಇಲ್ಲದಿದ್ದರೆ ಫೈಟೋಸಿಡೆರೋಫೋರ್ ಮಾಡಲು ಬಾರದ ಗಿಡದಲ್ಲೂ ಅದನ್ನು "ಕಂಡುಹಿಡಿದು" ಬರೆದುಬಿಡುತ್ತೀರಿ.

ಕಬ್ಬಿಣ ಕಟ್ಟಿಕೊಂಡಿರುವ ರೂಪವನ್ನೇ ನೋಡಬೇಕು ಅಂದರೆ ಕಬ್ಬಿಣದ ಐಸೋಟೋಪ್‌ಗಳೇ ಸಹಾಯಕ್ಕೆ ಬರುತ್ತವೆ. ಪ್ರಕೃತಿಯಲ್ಲಿ 56ರ ತೂಕದ ಕಬ್ಬಿಣ 91.75 ಶೇಕಡಾ, 54ರದ್ದು 5.8. ಆದ್ದರಿಂದ ಕಬ್ಬಿಣ ಇರುವ ಯಾವುದೇ ಪೀಕ್‌ನ ಎಡಕ್ಕೆ, 1.995 ದೂರದಲ್ಲಿ, ಸುಮಾರು 6.4 ಶೇಕಡಾ ಎತ್ತರದ ಒಂದು ಮರಿ ಪೀಕ್ ಇರಲೇಬೇಕು. ಡಿಆಕ್ಸಿಮುಗಿನೆಯಿಕ್ ಆಮ್ಲ ಫೆರಿಕ್ ಹಿಡಿದಾಗ 358.05ರಲ್ಲಿ ಬರುತ್ತದೆ, 356.05ರಲ್ಲಿ ಮರಿ ಇಲ್ಲದಿದ್ದರೆ ಅದು ಬೇರೆ ಏನೋ. ಇನ್ನೊಂದು ಮಾತು: ಎಲ್ಲರೂ ಬಳಸುವ ಫಾರ್ಮಿಕ್ ಆಮ್ಲದ ದ್ರಾವಣದಲ್ಲಿ ಓಡಿಸಿದರೆ ಬಲಹೀನ ಜೋಡಿಗಳು ಕಾಲಂನಲ್ಲೇ ಬಿಟ್ಟುಹೋಗುತ್ತವೆ. ಅಮೋನಿಯಂ ಅಸಿಟೇಟ್ ಹಾಕಿ ತಟಸ್ಥ ಪಿಎಚ್‌ನ ಹತ್ತಿರ ಓಡಿಸಿ. ಟೊಮೆಟೊ ಕ್ಸೈಲಮ್ ರಸದಲ್ಲಿ ಮೂರು ಕಬ್ಬಿಣಕ್ಕೆ ಮೂರು ಸಿಟ್ರೇಟ್ ಸೇರಿದ ಜೋಡಿಯನ್ನು 2010ರಲ್ಲಿ ಇಡಿಯಾಗಿ ಗುರುತಿಸಿದ್ದು ಇಂಥ ಜಾಗ್ರತೆಯಿಂದಲೇ.

15. ಪರ್ಲ್ಸ್ ಸ್ಟೇನ್‌ನಲ್ಲಿ ನೀಲಿ ಬಂದ ಜಾಗದಲ್ಲಿ ಈ ವಸ್ತು ಇದೆ ಅನ್ನಬಹುದಾ?

ಪರ್ಲ್ಸ್ ಅಂದರೆ ಅಂಗಾಂಶದಲ್ಲಿ ಕಬ್ಬಿಣ ಇರುವ ಜಾಗವನ್ನು ನೀಲಿ ಮಾಡಿ ತೋರಿಸುವ ಬಣ್ಣ. ಅಲ್ಲಿ ಕಬ್ಬಿಣ ಇದೆ ಅನ್ನಬಹುದು. ಅದನ್ನು ಹಿಡಿದವರು ಯಾರು ಅಂತ ಪರ್ಲ್ಸ್ ಹೇಳುವುದಿಲ್ಲ. ಜೊತೆಗೆ ಸ್ಟೇನ್‌ನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕಬ್ಬಿಣವನ್ನು ಬಿಡಿಸಿಯೇ ಬಣ್ಣ ಕೊಡುವುದು. ತುಂಬಾ ಗಟ್ಟಿಯಾಗಿ ಹಿಡಿದದ್ದು, ಉದಾಹರಣೆಗೆ ಹೀಮ್‌ನಲ್ಲಿರುವುದು, ಕಾಣುವುದಿಲ್ಲ. ಎಎಎಸ್, ಐಸಿಪಿ ಯಂತ್ರಗಳಿಗೂ ಇದೇ ಮಾತು. ಅವು ಒಟ್ಟು ಕಬ್ಬಿಣವನ್ನು ಅಳೆಯುತ್ತವೆ, ಜೊತೆಗಾರನನ್ನಲ್ಲ.

16. ಬ್ಲ್ಯಾಂಕ್‌ನಲ್ಲೇ ಕಬ್ಬಿಣ ಬರುತ್ತಿದೆ. ಏನು ಮಾಡಲಿ?

ಧೂಳು, ಗಾಜು, ಸ್ಪ್ಯಾಚುಲಾ, ಫಿಲ್ಟರ್ ಪೇಪರ್, ರಿಯೇಜೆಂಟ್, ಎಲ್ಲದರಲ್ಲೂ ಕಬ್ಬಿಣ ಇದೆ. ಗಾಜಿನ ಸಾಮಾನನ್ನು 10 ಶೇಕಡಾ ಹೈಡ್ರೋಕ್ಲೋರಿಕ್ ಅಥವಾ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಶುದ್ಧ ನೀರಿನಲ್ಲಿ ಹಲವು ಸಲ ತೊಳೆಯಿರಿ. ಆದಷ್ಟು ಪ್ಲಾಸ್ಟಿಕ್ ಬಳಸಿ. ಫೆರಿಕ್ ಇರುವ ಟ್ಯೂಬುಗಳನ್ನು ಬೆಳಕಿನಿಂದ ದೂರ ಇಡಿ. ಸಿಟ್ರೇಟ್, ಆಕ್ಸಲೇಟ್ ಜೊತೆಗಿರುವ ಫೆರಿಕ್ ಬೆಳಕು ಬಿದ್ದರೆ ತಾನಾಗಿ ಫೆರಸ್ ಆಗುತ್ತದೆ, ನೀವು ಗಿಡವನ್ನು ಹೊಗಳುತ್ತೀರಿ.

17. ಸುರಕ್ಷತೆ?

ಪರ್ಲ್ಸ್‌ನ ಫೆರೋಸಯನೈಡ್ ಅನ್ನು ಗಾಢ ಆಮ್ಲದ ಜೊತೆ ಬಿಸಿ ಮಾಡಲೇಬೇಡಿ, ಹೈಡ್ರೋಜನ್ ಸಯನೈಡ್ ಬರುತ್ತದೆ. ಸಾಕಿ ಟೆಸ್ಟ್‌ನ ನ್ಯಾಫ್ತೈಲಮೈನ್, ಸ್ಟೇನ್ ಗಾಢ ಮಾಡಲು ಬಳಸುವ ಡಿಎಬಿ, ಬ್ರೂನೆ ವಿಧಾನದ ಡೈಮೀಥೈಲ್‌ಫಾರ್ಮಮೈಡ್ ಮೂರನ್ನೂ ಗ್ಲೌಸ್ ಹಾಕಿಕೊಂಡು ಹುಡ್ ಒಳಗೇ ಬಳಸಿ.

18. ನಮ್ಮಲ್ಲಿ ದೊಡ್ಡ ಯಂತ್ರ ಇಲ್ಲ. ಒಂದೇ ಒಂದು ಟೆಸ್ಟ್ ಮಾಡಬಹುದು ಅಂದರೆ ಯಾವುದು?

ಬೇರಿನ ಸ್ರಾವಕ್ಕಾದರೆ ತಕಾಗಿ ಬಳಸಿದ ಹಳೆಯ ವಿಧಾನ. ಫೆರಿಕ್ ಕ್ಲೋರೈಡ್‌ನಿಂದ ಆಗಷ್ಟೇ ಮಾಡಿದ ಫೆರಿಕ್ ಹೈಡ್ರಾಕ್ಸೈಡ್‌ನ ಕಂದು ಗಸಿಯನ್ನು ಚೆನ್ನಾಗಿ ತೊಳೆದು, ಬಫರ್ ಹಾಕಿದ ಸ್ರಾವಕ್ಕೆ ಸೇರಿಸಿ ಒಂದೆರಡು ಗಂಟೆ ಅಲ್ಲಾಡಿಸಿ, ಫಿಲ್ಟರ್ ಮಾಡಿ, ಕರಗಿ ಕೆಳಗೆ ಬಂದ ಕಬ್ಬಿಣವನ್ನು ಹೈಡ್ರಾಕ್ಸಿಲಮೈನ್‌ನಿಂದ ಫೆರಸ್ ಮಾಡಿ ಫೆರೋಜಿನ್‌ನಲ್ಲಿ ಓದಿ. ಇಲ್ಲಿ ಪೈಪೋಟಿ ಇರುವುದು ಮಣ್ಣಿನಲ್ಲಿ ಗಿಡ ನಿಜವಾಗಿ ಎದುರಿಸುವಂಥ ಗಸಿಯ ಜೊತೆಗೇ, ಯಾವುದೋ ಬಣ್ಣದ ಜೊತೆಗಲ್ಲ. ಇದಕ್ಕೇ ನನಗೆ ಇದು ಇಷ್ಟ. ಫಿಲ್ಟರ್ 0.2 ಮೈಕ್ರಾನ್ ಇರಲಿ. ಸಾದಾ ಪೇಪರ್ ಬಳಸಿದರೆ ಗಸಿಯ ಸಣ್ಣ ಕಣಗಳೂ ಕೆಳಗೆ ಇಳಿದು ಕರಗಿದ ಲೆಕ್ಕಕ್ಕೆ ಸೇರುತ್ತವೆ. ಸ್ರಾವದ ಬದಲು ಬರೀ ನೀರು ಹಾಕಿದ ಒಂದು ಟ್ಯೂಬ್, ಗೊತ್ತಿರುವಷ್ಟು ಇಡಿಟಿಎ ಹಾಕಿದ ಒಂದು ಟ್ಯೂಬ್ ಪಕ್ಕದಲ್ಲಿ ಇರಲೇಬೇಕು.